ಹಾರಾಟದಲ್ಲಿ ಬಾಗುವ ರೆಕ್ಕೆ: ಲೆಕ್ಕ ಸಾಕೇ, ಅಳತೆ ಬೇಕೇ?

1997ರ ಮೇ 12ರಂದು ಅಮೆರಿಕನ್ ಏರ್‌ಲೈನ್ಸ್‌ನ 903ನೇ ಸಂಖ್ಯೆಯ ವಿಮಾನ ಮಯಾಮಿಯಲ್ಲಿ ಇಳಿಯುವ ಮುನ್ನ ಫ್ಲೋರಿಡಾದ ಆಕಾಶದಲ್ಲಿ ವೇಗ ಕಳೆದುಕೊಂಡು ಹೊಯ್ದಾಡಿತು. ಅದು ಏರ್‌ಬಸ್ ಎ300-600 ಮಾದರಿಯ ವಿಮಾನ. ಹತೋಟಿಗೆ ತರುವ ಗಡಿಬಿಡಿಯಲ್ಲಿ ಅದರ ರಡರ್, ಅಂದರೆ ಬಾಲದಲ್ಲಿ ನೆಟ್ಟಗೆ ನಿಂತು ಮೂತಿಯನ್ನು ಅತ್ತಿತ್ತ ತಿರುಗಿಸುವ ಫಲಕ, ಎಡಕ್ಕೂ ಬಲಕ್ಕೂ ಜೋರಾಗಿ ತಿರುಗಿತು. ಕೊನೆಗೆ ವಿಮಾನ ಸುರಕ್ಷಿತವಾಗಿಯೇ ಇಳಿಯಿತು. ಬಾಲದ ಮೇಲೆ ನೆಟ್ಟಗೆ ನಿಲ್ಲುವ ಫಿನ್ ಅನ್ನು ಕಣ್ಣಿನಿಂದ ಪರೀಕ್ಷಿಸಿದರು. ಹಾನಿ ಕಾಣಲಿಲ್ಲ. ವಿಮಾನ ಮತ್ತೆ ಸೇವೆಗೆ ಹೋಯಿತು.

2001ರ ನವೆಂಬರ್ 12ರಂದು ಅದೇ ಸಂಸ್ಥೆಯ, ಅದೇ ಮಾದರಿಯ 587ನೇ ಸಂಖ್ಯೆಯ ವಿಮಾನ ನ್ಯೂಯಾರ್ಕ್‌ನಿಂದ ಹೊರಟ ಕೆಲವೇ ನಿಮಿಷಗಳಲ್ಲಿ ಫಿನ್ ಕಿತ್ತುಹೋಗಿ ಬಿತ್ತು. ನೆಲದ ಮೇಲಿದ್ದವರೂ ಸೇರಿ 265 ಜನ ಸತ್ತರು. ಆಗ ತನಿಖೆಗಾರರು ಹಳೆಯ ಘಟನೆಗಳ ಕಡತಗಳನ್ನು ಮತ್ತೆ ತೆರೆದರು. ಲೆಕ್ಕ ಹಾಕಿ ನೋಡಿದರೆ 903ರ ಫಿನ್ ಮೇಲೆ ಬಿದ್ದಿದ್ದ ಹೊರೆ ವಿನ್ಯಾಸದ ಅಂತಿಮ ಮಿತಿಯನ್ನೇ ದಾಟಿತ್ತು. 2002ರ ಮಾರ್ಚ್‌ನಲ್ಲಿ ಆ ಫಿನ್ ಕಳಚಿ ಅಲ್ಟ್ರಾಸೌಂಡ್ ಹಾಯಿಸಿದಾಗ, ಅದನ್ನು ವಿಮಾನದ ಒಡಲಿಗೆ ಕಚ್ಚಿ ಹಿಡಿಯುವ ಕಿವಿಯಲ್ಲಿ ಕಾರ್ಬನ್ ಫೈಬರ್‌ನ ಪದರಗಳು ಒಂದಕ್ಕೊಂದು ಬಿಟ್ಟುಕೊಂಡಿದ್ದವು. ಸುಮಾರು ಐದು ವರ್ಷ ಆ ವಿಮಾನ ಅದೇ ಫಿನ್ ಹೊತ್ತು ಪ್ರಯಾಣಿಕರನ್ನು ಸಾಗಿಸಿತ್ತು.

ಇಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಕಾರ್ಬನ್ ಫೈಬರ್ ಒಳಗೆ ಪದರ ಬಿಟ್ಟರೂ ಹೊರಗೆ ಬಣ್ಣ ಕೂಡ ಬಿರಿಯದೆ ಇರಬಹುದು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಫ್ಲೈಟ್ ರೆಕಾರ್ಡರ್‌ನಲ್ಲಿ ರಡರ್‌ನ ಚಲನೆ ದಾಖಲಾಗಿತ್ತು, ಆದರೆ ಅದು ಏರಿಳಿತಗಳನ್ನು ನಯಗೊಳಿಸಿ ಬರೆದ ದಾಖಲೆ. ಫಿನ್ ಎಷ್ಟು ನೋವು ತಿಂದಿದೆ ಎಂದು ಹೇಳಬಲ್ಲ ಉಪಕರಣ ಆ ಫಿನ್ ಮೇಲೆ ಇರಲೇ ಇಲ್ಲ. ಇಂದು ಹಾರುತ್ತಿರುವ ಪ್ರಯಾಣಿಕ ವಿಮಾನಗಳಲ್ಲೂ ಬಹುಪಾಲು ಸ್ಥಿತಿ ಹೀಗೇ ಇದೆ. ವೇಗ, ಎತ್ತರ, ಎಂಜಿನ್‌ನ ಉಷ್ಣತೆ, ಇಂಧನದ ಹರಿವು ಎಲ್ಲವನ್ನೂ ಕ್ಷಣಕ್ಷಣಕ್ಕೆ ಅಳೆಯುತ್ತೇವೆ. ವಿಮಾನವನ್ನು ಎತ್ತಿ ಹಿಡಿದಿರುವ ರೆಕ್ಕೆ ಈ ಕ್ಷಣದಲ್ಲಿ ಯಾವ ಆಕಾರದಲ್ಲಿದೆ ಎಂಬುದನ್ನು ಮಾತ್ರ ಲೆಕ್ಕದಿಂದ ಊಹಿಸಿಕೊಳ್ಳುತ್ತೇವೆ. ಇದು ಬದಲಾಗಬೇಕು. ಬದಲಾಗಲು ಬೇಕಾದ ತಂತ್ರಜ್ಞಾನದ ಹೆಚ್ಚಿನ ಭಾಗ ಕೈಯಲ್ಲೇ ಇದೆ.

ಮೊದಲಿಗೆ ಒಂದು ಭಯವನ್ನು ಬದಿಗಿಡೋಣ. ಕಿಟಕಿಯಿಂದ ನೋಡಿದಾಗ ರೆಕ್ಕೆಯ ತುದಿ ಮೇಲಕ್ಕೂ ಕೆಳಕ್ಕೂ ಆಡುವುದು ದೌರ್ಬಲ್ಯದ ಗುರುತಲ್ಲ. ಬಾಗದ ರೆಕ್ಕೆ ಮಾಡಬಹುದು, ಆದರೆ ಅದು ವಿಪರೀತ ಭಾರವಾಗುತ್ತದೆ, ಗಾಳಿಯ ಪ್ರತಿ ಏಟನ್ನೂ ನೇರವಾಗಿ ಒಡಲಿಗೆ ದಾಟಿಸುತ್ತದೆ. ಹೀಗಾಗಿ ಬಾಗುವಿಕೆಯನ್ನು ವಿನ್ಯಾಸದಲ್ಲೇ ಸೇರಿಸಿರುತ್ತಾರೆ. ಎಷ್ಟು ಬಾಗಬಲ್ಲದು ಎಂಬುದನ್ನು ನೆಲದ ಮೇಲೆ ನಿರ್ದಯವಾಗಿ ಪರೀಕ್ಷಿಸಿಯೂ ಇರುತ್ತಾರೆ. ಸೇವೆಯಲ್ಲಿ ಎದುರಾಗಬಹುದಾದ ಅತಿ ದೊಡ್ಡ ಹೊರೆಯನ್ನು ಮೊದಲು ಗೊತ್ತುಮಾಡಿ, ಅದರ ಒಂದೂವರೆ ಪಟ್ಟನ್ನು ರಚನೆ ಕನಿಷ್ಠ ಮೂರು ಸೆಕೆಂಡು ತಾಳಿಕೊಳ್ಳಬೇಕು ಎಂಬುದು ದೊಡ್ಡ ವಿಮಾನಗಳಿಗೆ ಅಮೆರಿಕದಲ್ಲೂ ಯುರೋಪಿನಲ್ಲೂ ಇರುವ ನಿಯಮ. 2010ರ ಮಾರ್ಚ್‌ನಲ್ಲಿ ಬೋಯಿಂಗ್ 787ರ ರೆಕ್ಕೆಗಳನ್ನು ಈ ಮಟ್ಟಕ್ಕೆ ಎಳೆದಾಗ ತುದಿಗಳು ಸುಮಾರು 7.6 ಮೀಟರ್ ಮೇಲೆದ್ದವು. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಮುರಿಯುವವರೆಗೂ ಎಳೆದರು, ಅದು ಮುರಿದದ್ದು ಆ ಅತಿ ದೊಡ್ಡ ಹೊರೆಯ ಶೇ. 154ರಲ್ಲಿ. 2006ರ ಫೆಬ್ರವರಿಯಲ್ಲಿ ಏರ್‌ಬಸ್ ಎ380ರ ರೆಕ್ಕೆ 1.5ಕ್ಕೆ ಬದಲು 1.45 ಪಟ್ಟಿನಲ್ಲೇ ಬಿರಿಯಿತು. ಆ ಜಾಗವನ್ನು ಬಲಪಡಿಸಿದ ಮೇಲೆಯೇ ವಿಮಾನಕ್ಕೆ ಪ್ರಮಾಣಪತ್ರ ಸಿಕ್ಕಿತು.

ಅಷ್ಟು ದೊಡ್ಡ ಯಂತ್ರದಲ್ಲಿ ಲೆಕ್ಕಕ್ಕೂ ವಾಸ್ತವಕ್ಕೂ ಅಂತರ ಬಂದದ್ದು ಆ ಕೊನೆಯ ಸಣ್ಣ ಅಂಶದಲ್ಲಿ ಮಾತ್ರ. ಲೆಕ್ಕ ಕಳಪೆ ಎಂದು ಯಾರೂ ಹೇಳಲಾರರು. ಆದರೆ ಅದು ನೆಲದ ಮೇಲೆ, ಹೊಸ ರೆಕ್ಕೆಗೆ, ಗೊತ್ತಿರುವ ಹೊರೆಯನ್ನು ನಿಧಾನವಾಗಿ ಹೇರಿದಾಗಿನ ಮಾತು. ಹಾರಾಟದಲ್ಲಿ ಹೊರೆಯೇ ಗೊತ್ತಿರುವುದಿಲ್ಲ.

ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ ಹೊರೆಯ ಅಂದಾಜು ಸಿಗುವುದು ಒಡಲಿನ ನಡುಭಾಗದಲ್ಲಿ ಕೂತಿರುವ, ವೇಗೋತ್ಕರ್ಷ ಅಳೆಯುವ ಆಕ್ಸಿಲೆರೋಮೀಟರ್‌ನಿಂದ. ವಿಮಾನದ ಗುರುತ್ವ ಕೇಂದ್ರ ಎಷ್ಟು ಜಿ (ಭೂಮಿಯ ಗುರುತ್ವದ ಎಷ್ಟು ಪಟ್ಟು) ಅನುಭವಿಸಿತು ಎಂದು ಅದು ಹೇಳುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಗಣಿತದ ಮಾದರಿ: ಆಗ ತೂಕ ಎಷ್ಟಿತ್ತು, ರೆಕ್ಕೆಯೊಳಗೆ ಇಂಧನ ಎಷ್ಟಿತ್ತು, ರೆಕ್ಕೆಯ ಹಿಂಬದಿಯಲ್ಲಿ ಚಾಚುವ ಫ್ಲಾಪ್ ಯಾವ ಸ್ಥಾನದಲ್ಲಿತ್ತು, ಹೀಗೆ. ರೆಕ್ಕೆಯಲ್ಲಿ ತುಂಬಿದ ಇಂಧನದ ಭಾರ ಕೆಳಕ್ಕೆ ಎಳೆಯುವುದರಿಂದ ಬುಡದ ಬಾಗುವಿಕೆ ಕಡಿಮೆಯಾಗುತ್ತದೆ. ಅದೇ 1.5 ಜಿ ಏಟು ಇಂಧನ ಬೇರೆ ರೀತಿ ಹಂಚಿಹೋಗಿರುವಾಗ ಬಿದ್ದರೆ ಬುಡ ಬೇರೆಯೇ ಹೊರೆ ಕಾಣುತ್ತದೆ. ಇನ್ನೊಂದು ತೊಡಕು ಎಂದರೆ ಗಾಳಿಯ ಹೊಡೆತ ಬಿದ್ದ ಮೇಲೆ ರೆಕ್ಕೆ ತನ್ನದೇ ಲಯದಲ್ಲಿ ಆಡುತ್ತಿರುತ್ತದೆ, ಆ ಆಟ ನಡುಭಾಗಕ್ಕೆ ಪೂರ್ತಿ ಮುಟ್ಟುವುದಿಲ್ಲ. ಒಡಲು ಹೆಚ್ಚೇನೂ ಅಲುಗದೆ ಇರುವಾಗಲೇ ರೆಕ್ಕೆಯ ಹೊರಭಾಗ ಜೋರಾಗಿ ತಿರುಚಿಕೊಳ್ಳುತ್ತಿರಬಹುದು.

ಈ ಅಂದಾಜಿನ ತಪ್ಪು ಆಯುಷ್ಯದ ಲೆಕ್ಕಕ್ಕೆ ಹೋದಾಗ ಹಿಗ್ಗುತ್ತದೆ. ಪದೇ ಪದೇ ಬಾಗಿ ಲೋಹ ದಣಿಯುವುದು ಒತ್ತಡಕ್ಕೆ ನೇರ ಅನುಪಾತದಲ್ಲಿ ಅಲ್ಲ, ಸ್ಥೂಲವಾಗಿ ಒತ್ತಡದ ನಾಲ್ಕನೇ ಘಾತದಂತೆ ಎಂದು ಇಟ್ಟುಕೊಳ್ಳಿ. ಆಗ ನಿಜವಾದ ಒತ್ತಡ ಅಂದಾಜಿಗಿಂತ ಶೇ. 10 ಹೆಚ್ಚಿದ್ದರೆ ದಣಿವು ಸುಮಾರು ಒಂದೂವರೆ ಪಟ್ಟು ವೇಗವಾಗಿ ಕೂಡಿಕೊಳ್ಳುತ್ತದೆ, ಆಯುಷ್ಯ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಒತ್ತಡ ಶೇ. 10 ಕಡಿಮೆಯಿದ್ದರೆ ಇನ್ನೂ ಎಷ್ಟೋ ವರ್ಷ ಹಾರಬಲ್ಲ ರೆಕ್ಕೆಯನ್ನು ಮುಂಚೆಯೇ ಬಿಚ್ಚಿ ನೋಡುತ್ತಿರುತ್ತೇವೆ. ಎರಡೂ ನಷ್ಟವೇ. ಯುದ್ಧವಿಮಾನಗಳ ವಲಯ ಇದನ್ನು ಬೇಗ ಅರಿತುಕೊಂಡಿತು. ಒಂದೇ ಮಾದರಿಯ ಎರಡು ವಿಮಾನಗಳು ಒಂದೇ ತಾಸುಗಳನ್ನು ಹಾರಿದ್ದರೂ, ಒಂದು ತಗ್ಗಿನಲ್ಲಿ ತಿರುವು ಹೊಡೆಯುತ್ತಾ, ಇನ್ನೊಂದು ಎತ್ತರದಲ್ಲಿ ನೇರವಾಗಿ ಸಾಗುತ್ತಾ ಬದುಕಿದ್ದರೆ ಅವುಗಳ ವಯಸ್ಸು ಒಂದೇ ಆಗಿರುವುದಿಲ್ಲ. ಹೀಗಾಗಿ ಹಲವು ವಾಯುಪಡೆಗಳು ಪ್ರತಿ ವಿಮಾನದ ದಣಿವಿನ ಲೆಕ್ಕವನ್ನು ಬೇರೆ ಬೇರೆಯಾಗಿ ಇಡುತ್ತವೆ.

ಇನ್ನು ಅಳೆಯುವ ಬಗೆ. 1938ರ ಹೊತ್ತಿಗೆ ಕ್ಯಾಲ್ಟೆಕ್‌ನ ಎಡ್ವರ್ಡ್ ಸಿಮನ್ಸ್ ಮತ್ತು ಎಂಐಟಿಯ ಆರ್ಥರ್ ರೂಜ್ ಪರಸ್ಪರ ಗೊತ್ತಿಲ್ಲದೆ ರೂಪಿಸಿದ ಅಂಟಿಸುವ ಸ್ಟ್ರೇನ್ ಗೇಜ್ ಇಂದಿಗೂ ಈ ಕೆಲಸದ ಬೆನ್ನೆಲುಬು. ತೆಳು ಲೋಹದ ತಂತಿ ಅಥವಾ ಹಾಳೆಯನ್ನು ರಚನೆಗೆ ಅಂಟಿಸುತ್ತಾರೆ. ರಚನೆ ಹಿಗ್ಗಿದಂತೆ ತಂತಿಯೂ ಹಿಗ್ಗಿ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಹಿಗ್ಗುವಿಕೆಯನ್ನು ಮೈಕ್ರೋಸ್ಟ್ರೇನ್‌ನಲ್ಲಿ ಹೇಳುವುದು ವಾಡಿಕೆ. ಒಂದು ಕಿಲೋಮೀಟರ್ ಉದ್ದದ ಸರಳು ಒಂದು ಮಿಲಿಮೀಟರ್ ಹಿಗ್ಗಿದರೆ ಅದು ಒಂದು ಮೈಕ್ರೋಸ್ಟ್ರೇನ್. ಸಾವಿರ ಮೈಕ್ರೋಸ್ಟ್ರೇನ್‌ನಷ್ಟು ದೊಡ್ಡ ಹಿಗ್ಗುವಿಕೆಗೂ 350 ಓಮ್‌ನ ಗೇಜ್‌ನಲ್ಲಿ ಆಗುವ ಬದಲಾವಣೆ ಬರೀ 0.7 ಓಮ್. ಅಷ್ಟನ್ನು ಕಂಪನ, ಚಳಿ, ತೇವ, ಹತ್ತಾರು ಮೀಟರ್ ತಂತಿಯ ನಡುವೆ ನಂಬಿಕೆಯಿಂದ ಓದಬೇಕು.

ಗೇಜ್ ಹೇಳುವುದು ತಾನು ಅಂಟಿರುವ ಜಾಗದ ಹಿಗ್ಗುವಿಕೆಯನ್ನಷ್ಟೇ. ಅದನ್ನು ರೆಕ್ಕೆಯ ಒಟ್ಟು ಹೊರೆಯಾಗಿ ಓದಲು ವಿಮಾನವನ್ನು ಮೊದಲು ನೆಲದ ಮೇಲೆ ಕಟ್ಟಿ, ಜ್ಯಾಕ್‌ಗಳಿಂದ ಗೊತ್ತಿರುವ ಭಾರವನ್ನು ರೆಕ್ಕೆಯ ಬೇರೆ ಬೇರೆ ಬಿಂದುಗಳಿಗೆ ಹೇರಿ, ಪ್ರತಿ ಗೇಜ್ ಏನು ಉತ್ತರ ಕೊಡುತ್ತದೆ ಎಂದು ಬರೆದುಕೊಳ್ಳಬೇಕು. ಈ ವಿಧಾನವನ್ನು ನಾಸಾಕ್ಕಿಂತ ಮೊದಲು ಅಮೆರಿಕದಲ್ಲಿದ್ದ ನಾಕಾ ಸಂಸ್ಥೆಯ ಸ್ಕೋಪಿನ್ಸ್ಕಿ, ಐಕನ್, ಹ್ಯೂಸ್ಟನ್ 1954ರ ವರದಿಯಲ್ಲಿ ಕ್ರಮಬದ್ಧವಾಗಿ ಬರೆದಿಟ್ಟರು. ಹಾರಾಟ ಪರೀಕ್ಷೆಯ ವಿಮಾನಗಳಲ್ಲಿ ಇಂದಿಗೂ ಅದೇ ದಾರಿ. ಆದರೆ ಪರೀಕ್ಷೆಯ ಒಂದೆರಡು ವಿಮಾನಗಳಿಗೆ ಇದು ಸರಿ. ಮೂವತ್ತು ವರ್ಷ ಹಾರಬೇಕಾದ ನೂರಾರು ವಿಮಾನಗಳಿಗೆ ಸಾವಿರಾರು ಗೇಜ್ ಅಂಟಿಸಿ, ಪ್ರತಿಯೊಂದಕ್ಕೂ ತಾಮ್ರದ ತಂತಿ ಎಳೆದು, ಕಿತ್ತುಬಂದದ್ದನ್ನು ಮತ್ತೆ ಅಂಟಿಸುತ್ತಾ ಕೂರಲು ಆಗದು.

ಇಲ್ಲಿ ದಿಕ್ಕು ಬದಲಿಸಿದ್ದು ಒಂದು ಅಪಘಾತ. ನಾಸಾದ ಹೀಲಿಯೋಸ್ ಸೌರವಿದ್ಯುತ್ತಿನಿಂದ ಹಾರುವ, ಪೈಲಟ್ ಇಲ್ಲದ ವಿಮಾನ. ಒಡಲೇ ಇಲ್ಲದ, 75 ಮೀಟರ್ ಉದ್ದದ ಒಂದೇ ರೆಕ್ಕೆ. 2001ರ ಆಗಸ್ಟ್‌ನಲ್ಲಿ ಅದು 29,500 ಮೀಟರ್‌ಗೂ ಮೇಲೆ ಏರಿ ದಾಖಲೆ ಮಾಡಿತ್ತು. 2003ರ ಜೂನ್ 26ರಂದು ಹವಾಯಿಯ ಕೌವಾಯಿ ದ್ವೀಪದಿಂದ ಹೊರಟ ಅರ್ಧ ಗಂಟೆಯಲ್ಲಿ ಗಾಳಿಯ ಹೊಯ್ದಾಟಕ್ಕೆ ಸಿಕ್ಕಿ ಅದರ ಎರಡೂ ತುದಿಗಳು ಮೇಲೆದ್ದವು, ಎದ್ದ ಮೇಲೆ ಮತ್ತೆ ಇಳಿಯಲಿಲ್ಲ. ಆ ಬಾಗಿದ ಆಕಾರದಲ್ಲಿ ವಿಮಾನದ ಸ್ವಭಾವವೇ ಬದಲಾಯಿತು. ಮೂತಿ ಮೇಲೆ ಕೆಳಗೆ ತೂಗಲು ಶುರುವಾಯಿತು, ಪ್ರತಿ ತೂಗಿನಲ್ಲೂ ವೇಗದ ಏರಿಳಿತ ಇಮ್ಮಡಿಸಿತು. ಕೊನೆಗೆ ವೇಗ ಮಿತಿ ಮೀರಿ ರೆಕ್ಕೆಯ ಹೊದಿಕೆ ಕಿತ್ತು, ವಿಮಾನ ಪೆಸಿಫಿಕ್ ಸಾಗರಕ್ಕೆ ಬಿತ್ತು. ವಿಮಾನದ ರಚನೆಯಲ್ಲಿ ಮಾಡಿದ ಬದಲಾವಣೆಗಳ ಅಪಾಯವನ್ನು ಅಳೆಯಲು ಆಗ ಇದ್ದ ಲೆಕ್ಕದ ವಿಧಾನಗಳು ಸಾಲದೇ ಹೋದವು ಎಂದು ತನಿಖಾ ವರದಿ ಹೇಳಿತು.

ಆಮೇಲೆ ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರದಲ್ಲಿ, ಇಂದು ಆರ್ಮ್‌ಸ್ಟ್ರಾಂಗ್ ಹೆಸರಿನಲ್ಲಿರುವ ಕೇಂದ್ರದಲ್ಲಿ, ರೆಕ್ಕೆಯ ಆಕಾರವನ್ನು ಹಾರಾಟದಲ್ಲೇ ಓದುವ ಕೆಲಸ ಚುರುಕಾಯಿತು. ಅವರು ಹಿಡಿದದ್ದು ಕೂದಲಿನಷ್ಟು ತೆಳುವಾದ ಗಾಜಿನ ಆಪ್ಟಿಕಲ್ ಫೈಬರ್. 1978ರಲ್ಲಿ ಕೆನಡಾದ ಕೆನ್ ಹಿಲ್ ಮತ್ತು ಸಂಗಡಿಗರು ಕಂಡುಕೊಂಡಂತೆ, ಫೈಬರ್‌ನ ತಿರುಳಿನಲ್ಲಿ ಬೆಳಕಿನಿಂದಲೇ ಸಾಲು ಸಾಲು ಗೆರೆ ಮೂಡಿಸಬಹುದು. ಗೆರೆಗಳ ನಡುವಿನ ಅಂತರ ಸುಮಾರು ಅರ್ಧ ಮೈಕ್ರಾನ್. ಆ ಗೆರೆಗಳ ಗುಂಪು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಫೈಬರ್ ಹಿಗ್ಗಿದರೆ ಗೆರೆಗಳ ಅಂತರ ಹಿಗ್ಗುತ್ತದೆ, ಮರಳುವ ಬೆಳಕಿನ ತರಂಗಾಂತರ ಚೂರು ಸರಿಯುತ್ತದೆ. ಒಂದೇ ಎಳೆಯಲ್ಲಿ ಇಂಥ ನೂರಾರು ಗುಂಪುಗಳನ್ನು ಬರೆದು, ಎಲ್ಲವನ್ನೂ ಒಂದೇ ತುದಿಯಿಂದ ಓದಬಹುದು. 2008ರಲ್ಲಿ ಇಖಾನಾ ಎಂಬ ಪೈಲಟ್‌ರಹಿತ ವಿಮಾನದ ರೆಕ್ಕೆಗಳ ಮೇಲೆ ಆರು ಎಳೆಗಳನ್ನು ಅಂಟಿಸಿ ಹಾರಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ಬಿಂದುಗಳ ಹಿಗ್ಗುವಿಕೆ ಹಾರಾಟದ ನಡುವೆಯೇ ಸಿಕ್ಕಿತು. ಎಳೆಗಳೆಲ್ಲ ಸೇರಿ ಒಂದು ಕಿಲೋಗ್ರಾಂ ಕೂಡ ತೂಗುತ್ತಿರಲಿಲ್ಲ. ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಇಂಧನ ಟ್ಯಾಂಕಿನ ಬಳಿ ಕಿಡಿಯ ಭಯವಿಲ್ಲ, ರೇಡಿಯೋ ತರಂಗಗಳ ಅಡಚಣೆಯೂ ಇಲ್ಲ.

ಹಿಗ್ಗುವಿಕೆಯಿಂದ ಆಕಾರಕ್ಕೆ ಬರುವ ದಾರಿಯನ್ನು ಅದೇ ಕೇಂದ್ರದ ವಿಲಿಯಂ ಕೋ ಸೂತ್ರಗಳಲ್ಲಿ ಕೊಟ್ಟರು. ರೆಕ್ಕೆಯ ಮೇಲ್ಮೈ ಎಲ್ಲಿ ಎಷ್ಟು ಹಿಗ್ಗಿದೆ ಅಥವಾ ಕುಗ್ಗಿದೆ ಎಂಬುದು ಅಲ್ಲಿನ ಡೊಂಕನ್ನು ಹೇಳುತ್ತದೆ. ಡೊಂಕನ್ನು ಬುಡದಿಂದ ತುದಿಯವರೆಗೆ ಒಮ್ಮೆ ಕೂಡಿಸುತ್ತಾ ಹೋದರೆ ಇಳಿಜಾರು, ಇನ್ನೊಮ್ಮೆ ಕೂಡಿಸಿದರೆ ಎತ್ತರ. ಮುಂಭಾಗದಲ್ಲೊಂದು, ಹಿಂಭಾಗದಲ್ಲೊಂದು ಎಳೆ ಇದ್ದರೆ ಎರಡರ ಎತ್ತರದ ವ್ಯತ್ಯಾಸದಿಂದ ತಿರುಚುವಿಕೆಯೂ ಸಿಗುತ್ತದೆ. ಕೇಳಲು ಸರಳ, ಆದರೆ ಕೂಡಿಸುವಾಗ ತಪ್ಪುಗಳೂ ಕೂಡಿಕೊಳ್ಳುತ್ತವೆ. ಬುಡದ ಬಳಿ ಇಳಿಜಾರಿನಲ್ಲಿ ಸಾವಿರದಲ್ಲೊಂದು ಭಾಗ ತಪ್ಪಿದರೂ ಮೂವತ್ತು ಮೀಟರ್ ಆಚೆಯ ತುದಿಯಲ್ಲಿ ಅದು ಮೂರು ಸೆಂಟಿಮೀಟರ್ ಆಗಿರುತ್ತದೆ.

ಅದಕ್ಕಿಂತ ದೊಡ್ಡ ಬಲೆ ಉಷ್ಣತೆಯದು. ಈ ಗೆರೆಗಳು ಹಿಗ್ಗುವಿಕೆಗೆ ಹೇಗೋ ಉಷ್ಣತೆಗೂ ಹಾಗೆಯೇ ಮಿಡಿಯುತ್ತವೆ. ಒಂದು ಡಿಗ್ರಿ ಸೆಲ್ಸಿಯಸ್ ಬದಲಾವಣೆ ಫೈಬರ್‌ಗೆ ಸುಮಾರು 8 ಮೈಕ್ರೋಸ್ಟ್ರೇನ್‌ನಂತೆ ಕಾಣುತ್ತದೆ. ನೆಲದ 30 ಡಿಗ್ರಿಯಿಂದ ಹನ್ನೊಂದು ಕಿಲೋಮೀಟರ್ ಎತ್ತರದ ಮೈನಸ್ 55ಕ್ಕೆ ಹೋದರೆ ಸುಮಾರು 700 ಮೈಕ್ರೋಸ್ಟ್ರೇನ್‌ನಷ್ಟು ಸುಳ್ಳು ಕುಗ್ಗುವಿಕೆ ಬರುತ್ತದೆ. ಮಾಮೂಲಿ ಹಾರಾಟದಲ್ಲಿ ರೆಕ್ಕೆ ನಿಜವಾಗಿ ಬಾಗುವುದೂ ಅದೇ ದರ್ಜೆಯಲ್ಲಿ. ಪರಿಹಾರಗಳಿವೆ. ಪಕ್ಕದಲ್ಲೇ ಒಂದು ಸಡಿಲ ಎಳೆಯನ್ನು ಕೊಳವೆಯೊಳಗೆ ಬಿಟ್ಟರೆ ಅದು ಬಾಗುವಿಕೆಯನ್ನು ಕಾಣದೆ ಉಷ್ಣತೆಯನ್ನಷ್ಟೇ ಹೇಳುತ್ತದೆ. ಮೇಲ್ಮೈ ಮತ್ತು ಕೆಳಮೈ ಎರಡರಲ್ಲೂ ಎಳೆ ಇಟ್ಟು ಒಂದರಿಂದ ಇನ್ನೊಂದನ್ನು ಕಳೆಯಬಹುದು. ಆದರೆ ಬಿಸಿಲು ಬಿದ್ದ ಮೇಲ್ಮೈ, ತಣ್ಣಗಿನ ಇಂಧನ ತಗಲಿದ ಕೆಳಮೈ ಒಂದೇ ಉಷ್ಣತೆಯಲ್ಲಿ ಇರುವುದಿಲ್ಲ. ಯಾವುದೇ ಅಳತೆ ವ್ಯವಸ್ಥೆಯ ಪ್ರಚಾರ ಪತ್ರದಲ್ಲಿ ಎಷ್ಟು ಸಾವಿರ ಬಿಂದುಗಳು ಎಂಬುದು ದಪ್ಪಕ್ಷರದಲ್ಲಿ ಇರುತ್ತದೆ. ನಾನು ಮೊದಲು ಹುಡುಕುವುದು ಉಷ್ಣತೆಯನ್ನು ಹೇಗೆ ಬೇರ್ಪಡಿಸಿದ್ದಾರೆ ಎಂಬುದನ್ನು.

ಮುಟ್ಟದೆ ನೋಡಿ ಅಳೆಯುವ ದಾರಿಯೂ ಇದೆ. ನಾಸಾ ಎಕ್ಸ್-29ರಂಥ ಪ್ರಾಯೋಗಿಕ ವಿಮಾನಗಳಲ್ಲಿ ರೆಕ್ಕೆಯ ಮೇಲೆ ಇನ್‌ಫ್ರಾರೆಡ್ ದೀಪಗಳನ್ನು ಇಟ್ಟು, ಒಡಲಿನಲ್ಲಿ ಕೂತ ಗ್ರಾಹಕದಿಂದ ಅವು ಎಷ್ಟು ಸರಿದವು ಎಂದು ಓದುತ್ತಿತ್ತು. ಜರ್ಮನಿಯ ವೈಮಾನಿಕ ಸಂಶೋಧನಾ ಸಂಸ್ಥೆ ಡಿಎಲ್‌ಆರ್ ರೆಕ್ಕೆಯ ಮೇಲೆ ಚುಕ್ಕೆಗಳ ಚಿತ್ತಾರ ಅಂಟಿಸಿ, ಕ್ಯಾಮೆರಾಗಳಲ್ಲಿ ಸೆರೆಹಿಡಿದ ಚಿತ್ರಗಳನ್ನು ಹೋಲಿಸಿ ಆಕಾರ ಪಡೆಯುವ ವಿಧಾನ ಬೆಳೆಸಿದೆ. ಇಲ್ಲಿ ಎತ್ತರ ನೇರವಾಗಿ ಸಿಗುತ್ತದೆ, ಎರಡು ಸಲ ಕೂಡಿಸುವ ತಾಪತ್ರಯವಿಲ್ಲ. ಆದರೆ ಕ್ಯಾಮೆರಾ ಕೂತ ಒಡಲೂ ಅಲುಗುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಮೋಡದೊಳಗೆ ಏನೂ ಕಾಣುವುದಿಲ್ಲ. ಪರೀಕ್ಷಾ ಹಾರಾಟಕ್ಕೆ ಉತ್ತಮ, ದಿನನಿತ್ಯದ ಕಾವಲಿಗೆ ಒಗ್ಗದು.

ಈಗಲೇ ಈ ಮಾತು ಯಾಕೆ ಎಂದರೆ ರೆಕ್ಕೆಗಳು ಉದ್ದವಾಗುತ್ತಿವೆ, ತೆಳುವಾಗುತ್ತಿವೆ. ಉದ್ದ ರೆಕ್ಕೆಗೆ ಗಾಳಿ ಹಿಂದಕ್ಕೆ ಜಗ್ಗುವ ಎಳೆತ ಕಡಿಮೆ, ಇಂಧನ ಉಳಿತಾಯ. ಬೋಯಿಂಗ್ 777ಎಕ್ಸ್‌ನ ರೆಕ್ಕೆಯ ಹರವು 71.8 ಮೀಟರ್, ವಿಮಾನ ನಿಲ್ದಾಣದ ಜಾಗಕ್ಕೆ ಹೊಂದಲು ತುದಿ ಮಡಚಿದರೆ 64.8. ನಾಸಾ ಮತ್ತು ಬೋಯಿಂಗ್ ಕೈಗೊಂಡ ಎಕ್ಸ್-66 ಯೋಜನೆ ಊರೆಗೋಲು ಕೊಟ್ಟ ಉದ್ದ ತೆಳು ರೆಕ್ಕೆಯದು. 2025ರಲ್ಲಿ ಆ ವಿಮಾನ ಕಟ್ಟುವುದನ್ನು ತಡೆಹಿಡಿದು ತೆಳು ರೆಕ್ಕೆಯ ತಂತ್ರಜ್ಞಾನಕ್ಕೇ ಗಮನ ತಿರುಗಿಸಿದರು. ಇಂಥ ರೆಕ್ಕೆ ಬಾಗಿದಾಗ ಗಾಳಿಬಲದ ಹಂಚಿಕೆ ಬದಲಾಗುತ್ತದೆ, ಆ ಬದಲಾದ ಬಲ ಮತ್ತೆ ರೆಕ್ಕೆಯನ್ನು ಬಾಗಿಸುತ್ತದೆ. ಈ ಕೊಡುಕೊಳ್ಳುವಿಕೆ ಗಾಳಿಯಿಂದ ಶಕ್ತಿ ಹೀರಿ ತಾನಾಗಿ ಬೆಳೆಯತೊಡಗಿದರೆ ಅದೇ ಫ್ಲಟರ್. ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆ ಮುರಿಯಬಹುದು. 1959 ಮತ್ತು 1960ರಲ್ಲಿ ಲಾಕ್‌ಹೀಡ್ ಎಲೆಕ್ಟ್ರಾದ ಎರಡು ವಿಮಾನಗಳು ಎಂಜಿನ್ ಮತ್ತು ರೆಕ್ಕೆ ಸೇರಿ ಮಾಡಿದ ಇಂಥದೇ ಅಲುಗಾಟದಿಂದ ಆಕಾಶದಲ್ಲೇ ಒಡೆದವು.

ಇದನ್ನು ಅಳೆದು ತಡೆಯಲು ಸಾಧ್ಯ ಎಂಬುದೂ ಹಳೆಯ ಮಾತೇ. 1973ರಲ್ಲಿ ಅಮೆರಿಕದ ಒಂದು ಬಿ-52 ವಿಮಾನ ತನ್ನ ಫ್ಲಟರ್ ವೇಗಕ್ಕಿಂತ ಹತ್ತು ನಾಟ್ ಹೆಚ್ಚು ವೇಗದಲ್ಲಿ ಹಾರಿ ಬಂದಿತ್ತು. ರೆಕ್ಕೆಯ ಅಲುಗಾಟವನ್ನು ಸೆನ್ಸರ್‌ಗಳು ಗ್ರಹಿಸಿ, ನಿಯಂತ್ರಣ ಫಲಕಗಳು ತಕ್ಷಣ ಎದುರು ಚಲಿಸಿ ಅದನ್ನು ಅಡಗಿಸಿದ್ದವು. ಎಕ್ಸ್-56ಎ ಎಂಬ ಚಿಕ್ಕ ಪೈಲಟ್‌ರಹಿತ ವಿಮಾನವನ್ನು ಇದೇ ಸಂಶೋಧನೆಗೆಂದು ಮಾಡಿದರು. ಅತ್ತ ಪೈಲಟ್‌ರಹಿತ ಸೌರವಿಮಾನಗಳ ಹಗುರ ರೆಕ್ಕೆಗಳು ಬೀಳುತ್ತಲೂ ಇದ್ದವು. 2015ರ ಮೇಯಲ್ಲಿ ನ್ಯೂ ಮೆಕ್ಸಿಕೋದಲ್ಲಿ ಗೂಗಲ್‌ನ ಸೊಲಾರಾ 50, 2016ರ ಜೂನ್‌ನಲ್ಲಿ ಅರಿಜೋನಾದಲ್ಲಿ ಫೇಸ್‌ಬುಕ್‌ನ ಅಕ್ವಿಲಾ. ಎರಡರಲ್ಲೂ ಗಾಳಿಯ ಏರುಪೇರಿಗೆ ವೇಗ ಮಿತಿ ಮೀರಿ, ರೆಕ್ಕೆ ವಿಕಾರಗೊಂಡು ಮುರಿಯಿತು. ಹೀಲಿಯೋಸ್ ಬಿದ್ದು ಹತ್ತು ವರ್ಷ ದಾಟಿದ ಮೇಲಿನ ಸಂಗತಿ ಇದು.

ಈ ಕ್ಷೇತ್ರದಲ್ಲಿ ಎರಡು ಬೇರೆ ಬೇರೆ ಭರವಸೆಗಳನ್ನು ಒಂದೇ ಹೆಸರಿನಡಿ ಮಾರುತ್ತಾರೆ. ಒಂದು, ರಚನೆ ಎಷ್ಟು ಹೊರೆ ಕಂಡಿದೆ ಎಂದು ಅಳೆಯುವುದು. ಇನ್ನೊಂದು, ಬಿರುಕನ್ನು ಸೆನ್ಸರ್‌ಗಳೇ ಕಂಡುಹಿಡಿದು ಮನುಷ್ಯರ ತಪಾಸಣೆಯನ್ನು ಇಲ್ಲವಾಗಿಸುವುದು. ಎರಡನೆಯದನ್ನು ಅತಿಯಾಗಿ ಹೊಗಳಲಾಗಿದೆ ಎಂಬುದು ನನ್ನ ಅಭಿಪ್ರಾಯ. ಬಿರುಕು ಹುಟ್ಟುವ ಜಾಗ ಮೊದಲೇ ಗೊತ್ತಿದ್ದರೆ ಅಲ್ಲಿ ಸೆನ್ಸರ್ ಕೆಲಸ ಮಾಡುತ್ತದೆ. ಬಿಗಿಯಾಗಿ ಅಂಟಿಸಿದ ಪಟ್ಟಿಯೊಳಗಿನ ನಿರ್ವಾತ ಸೋರಿದರೆ ಬಿರುಕು ಬಿಟ್ಟಿದೆ ಎಂದು ತಿಳಿಸುವ ಸರಳ ವಿಧಾನ ಪ್ರಯಾಣಿಕ ವಿಮಾನಗಳಲ್ಲಿ ಬಳಕೆಗೂ ಬಂದಿದೆ. ಆದರೆ ಎ380ರ ರೆಕ್ಕೆಯೊಳಗಿನ ಪಕ್ಕೆಲುಬುಗಳ ಪಾದಗಳಲ್ಲಿ ಬಿರುಕು ಇರುವುದು ಬೆಳಕಿಗೆ ಬಂದದ್ದು ಹೇಗೆ? 2010ರ ನವೆಂಬರ್‌ನಲ್ಲಿ ಎಂಜಿನ್ ಸಿಡಿದ ಕ್ವಾಂಟಾಸ್ ವಿಮಾನವನ್ನು ದುರಸ್ತಿ ಮಾಡುವಾಗ. ಯಾರೂ ನಿರೀಕ್ಷಿಸದ ಜಾಗ ಅದು. ಕೈದೀಪ ಹಿಡಿದು ರೆಕ್ಕೆಯೊಳಗೆ ಇಳಿಯುವ ತಂತ್ರಜ್ಞರ ಕಣ್ಣಿಗೆ ಬದಲಿ ಇನ್ನೂ ಬಂದಿಲ್ಲ.

ಮೊದಲನೆಯದರ ಮಾತು ಬೇರೆ. ಹೊರೆಯನ್ನು ಅಳೆಯಲು ಸಾವಿರಾರು ಬಿಂದುಗಳೂ ಬೇಡ. ರೆಕ್ಕೆಯ ಬುಡ, ಎಂಜಿನ್ ತೂಗುವ ಜಾಗ, ಫಿನ್‌ನ ಕಿವಿಗಳು, ಅಡ್ಡ ಬಾಲದ ಬುಡ, ಇಷ್ಟರಲ್ಲಿ ನಂಬಬಹುದಾದ ಕೆಲವು ಡಜನ್ ಅಳತೆಗಳು ಸಾಕು. ಜೋರಾಗಿ ಅಪ್ಪಳಿಸಿ ಇಳಿದಾಗ ಅಥವಾ ವಿಪರೀತ ಹೊಯ್ದಾಟ ಕಂಡಾಗ ವಿಶೇಷ ತಪಾಸಣೆ ಬೇಕೇ ಎಂಬ ತೀರ್ಮಾನ ಇಂದು ಬಹುಮಟ್ಟಿಗೆ ಪೈಲಟ್ ಬರೆಯುವ ವರದಿಯ ಮೇಲೆ, ಒಡಲಿನ ನಡುವಿನ ಜಿ ದಾಖಲೆಯ ಮೇಲೆ ನಿಂತಿದೆ. 903ರ ಫಿನ್‌ನ ಬುಡದಲ್ಲಿ ನಾಲ್ಕಾರು ಗೇಜ್‌ಗಳು ಇದ್ದಿದ್ದರೆ ಅಂದು ಸಂಜೆಯೇ ಅದು ಕಳಚಿ ಕೆಳಗಿಳಿಯುತ್ತಿತ್ತು.

ಅಡ್ಡಿ ಇರುವುದು ಬಹುಪಾಲು ನಂಬಿಕೆಯಲ್ಲಿ. ಸೆನ್ಸರ್ ಮೌನವಾಗಿದ್ದರೆ ರಚನೆ ಚೆನ್ನಾಗಿದೆ ಎಂದೋ ಸೆನ್ಸರ್ ಸತ್ತಿದೆ ಎಂದೋ? ಗಾಜಿನ ಎಳೆಗಿಂತ ಬೇಗ ಸೋಲುವುದು ಅದರ ಅಂಟು ಮತ್ತು ಕನೆಕ್ಟರ್. ಅಂಟು ಸಡಿಲವಾದರೆ ಅಳತೆ ನಿಲ್ಲುವುದಿಲ್ಲ, ನಿಧಾನವಾಗಿ ಕಡಿಮೆ ಹೇಳತೊಡಗುತ್ತದೆ, ಅದೇ ಹೆಚ್ಚು ಅಪಾಯ. ಸುಳ್ಳು ಎಚ್ಚರಿಕೆಗಳು ನಾಲ್ಕು ಸಲ ಬಂದರೆ ಐದನೆಯದನ್ನು ನಿರ್ವಹಣಾ ಸಿಬ್ಬಂದಿ ನಂಬುವುದಿಲ್ಲ. ಇನ್ನು ಅಳತೆ ಯಾರ ಕೈಗೆ ಹೋಗಬೇಕು ಎಂಬುದು. ವಿಮಾನ ಹಾರಿಸುವ ಸಂಸ್ಥೆಗೆ ಅಂಕಿ ಸಿಕ್ಕರೂ ಅದನ್ನು ಆಯುಷ್ಯದ ಲೆಕ್ಕವಾಗಿ ಓದಲು ಬೇಕಾದ ರಚನೆಯ ಮಾದರಿ ತಯಾರಕರ ಬಳಿ ಇದೆ. ತಯಾರಕರಿಗೆ ಅಂಕಿ ಹೋದರೆ ಅದು ಸ್ವತಂತ್ರ ನಿಯಂತ್ರಕರಿಗೂ ಸಿಗುವಂತಿರಬೇಕು.

ರೆಕ್ಕೆಯ ಆಕಾರವನ್ನು ಗ್ರಹಿಸಿ ನಿಯಂತ್ರಣ ಫಲಕಗಳನ್ನು ಆಡಿಸುವ ವಿಮಾನಗಳು ಬಂದಾಗ ಸೆನ್ಸರ್ ಪರೀಕ್ಷೆಯ ಪರಿಕರವಾಗಿ ಉಳಿಯುವುದಿಲ್ಲ, ವೇಗಮಾಪಕದಂತೆಯೇ ಹಾರಾಟದ ಉಪಕರಣವಾಗುತ್ತದೆ. ಹಾಗಾದರೆ ಅದಕ್ಕೂ ಅದೇ ಕಟ್ಟುನಿಟ್ಟು ಬೇಕು: ಒಂದಕ್ಕೊಂದು ಹೋಲಿಸಿ ನೋಡಲು ಎರಡು ಮೂರು ಪ್ರತ್ಯೇಕ ಸಾಲುಗಳು, ಹಾರುವ ಮುನ್ನ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ, ದೊಡ್ಡ ತಪಾಸಣೆಗೆ ವಿಮಾನ ಬಿಚ್ಚಿದಾಗಲೆಲ್ಲ ಗೊತ್ತಿರುವ ಭಾರ ಹೇರಿ ಅಳತೆಯನ್ನು ಮತ್ತೆ ಸರಿಹೊಂದಿಸುವ ಕಡ್ಡಾಯ. ಆ ಶಿಸ್ತನ್ನು ಈಗ ಸೇವೆಗೆ ಬರುತ್ತಿರುವ ವಿಮಾನಗಳ ಫಿನ್ ಮತ್ತು ರೆಕ್ಕೆಯ ಬುಡದಲ್ಲಿ, ಹಾರಾಟದ ನಿಯಂತ್ರಣಕ್ಕೆ ಜೋಡಿಸದೆ, ಬರೀ ದಾಖಲೆಗೆಂದು ಇಂದೇ ಶುರುಮಾಡಬಹುದು. ಹತ್ತು ವರ್ಷದ ಅಂಥ ದಾಖಲೆ ಕೈಯಲ್ಲಿದ್ದರೆ ಯಾವ ಅಂಟು ತಾಳುತ್ತದೆ, ಯಾವ ಕನೆಕ್ಟರ್ ಸೋಲುತ್ತದೆ, ಲೆಕ್ಕದ ಮಾದರಿ ಎಲ್ಲಿ ತಪ್ಪುತ್ತದೆ ಎಂದು ತೆಳು ರೆಕ್ಕೆಯ ವಿಮಾನಗಳಿಗೆ ಪ್ರಮಾಣಪತ್ರ ಕೊಡಬೇಕಾದವರಿಗೆ ಮುಂಚೆಯೇ ಗೊತ್ತಿರುತ್ತದೆ.